ಒನ್ಸ್ ಮೋರ್ ಎಂದ ಊರಿನಲ್ಲಿ ರಂಗಾಯಣ

ರಂಗಾಯಣದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ನಿರ್ದೇಶಕರ ಹೆಸರಿಟ್ಟು ಅಧ್ಯಾಯ ಮಾಡುತ್ತಾರೆ. ಕಾರಂತರ ಕಾಲ, ಬಸವಲಿಂಗಯ್ಯನವರ ಕಾಲ, ಪ್ರಸನ್ನರ ಕಾಲ, ಜಂಬೆಯವರ ಕಾಲ. ಕಡತಕ್ಕೆ ಒಪ್ಪುವ ಕ್ರಮ ಅದು. ಪ್ರೇಕ್ಷಕರ ನೆನಪು ಮಾತ್ರ ಹಾಗೆ ಜೋಡಣೆಯಾಗಿರುವುದಿಲ್ಲ. ನಾಟಕ ಮುಗಿಸಿ ಕಲಾಮಂದಿರದ ಗೇಟು ದಾಟುವಾಗ ಯಾರೂ ನಿರ್ದೇಶಕರ ಹೆಸರನ್ನು ಗುನುಗುವುದಿಲ್ಲ. ಒಂದು ಹಾಡನ್ನು ಗುನುಗುತ್ತಾರೆ, ಆ ಹಾಡಿನ ಜೊತೆಗೆ ಅದನ್ನು ಹಾಡಿದವಳ ಮುಖವೂ ಮನೆತನಕ ಬರುತ್ತದೆ. ಸಂಸ್ಥೆ ಮೂರೂವರೆ ದಶಕ ದಾಟಿರುವ ಈ ಹೊತ್ತಿನಲ್ಲಿ ಅದರ ಕಥೆಯನ್ನು ಹಾಡುವ ನಟಿಯ ಕಡೆಯಿಂದ, ಅವಳನ್ನು ಮೆಚ್ಚಿದ ಊರಿನ ಕಡೆಯಿಂದ ಹೇಳಬೇಕೆಂದು ನನಗೆ ಅನ್ನಿಸಿತು. ಹಾಗೆ ಹೇಳಹೊರಟರೆ ಕಥೆ 1989ರಲ್ಲಿ ಶುರುವಾಗುವುದಿಲ್ಲ. ರಂಗಾಯಣ ಹುಟ್ಟಿದ್ದು ಆ ವರ್ಷವೇ ಹೌದು, ಅದರ ಪ್ರೇಕ್ಷಕರು ಮಾತ್ರ ಒಂದು ಶತಮಾನ ಮೊದಲೇ ತಯಾರಾಗಿದ್ದರು.

1880ರಿಂದ 1926: ಅರಮನೆಯ ನಾಟಕ

ಮರಾಠಿ ಮತ್ತು ಪಾರ್ಸಿ ನಾಟಕ ಕಂಪನಿಗಳು ಮೈಸೂರಿಗೆ ಬಂದು ಹಾಡಿ ಕುಣಿದು ಹೋದ ಮೇಲೆ ಇಲ್ಲಿನವರಿಗೆ ನಮ್ಮ ಭಾಷೆಯಲ್ಲೂ ಇಂಥದ್ದೊಂದು ಬೇಕು ಎನ್ನಿಸಿತು. 1881ರಲ್ಲಿ ಅಧಿಕಾರ ವಹಿಸಿಕೊಂಡ ಹತ್ತನೇ ಚಾಮರಾಜ ಒಡೆಯರ ಆಶ್ರಯದಲ್ಲಿ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆ ತಲೆಯೆತ್ತಿತು. ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು. ‘ಅಭಿನವ ಕಾಳಿದಾಸ’ ಎಂಬ ಬಿರುದು ಅವರ ಹೆಸರಿನ ಹಿಂದೆ ನಿಂತಿತು. ಶೇಕ್ಸ್‌ಪಿಯರನ ಒಥೆಲೋ ನಾಟಕ ಅವರ ಕೈಯಲ್ಲಿ ಶೂರಸೇನ ಚರಿತ್ರೆಯಾಯಿತು.

ಆಗಿನ ಪ್ರೇಕ್ಷಕರ ಕಿವಿ ಎಂಥದ್ದೆಂಬುದನ್ನು ಗಮನಿಸಬೇಕು. ವೀಣೆ ಶೇಷಣ್ಣನವರು ನುಡಿಸುತ್ತಿದ್ದ ಊರು ಇದು. ರಾತ್ರಿ ವೀಣೆ ಕೇಳಿದವರೇ ಮರುರಾತ್ರಿ ನಾಟಕಕ್ಕೂ ಬರುತ್ತಿದ್ದರು. ನಟ ಎಷ್ಟೇ ಚೆನ್ನಾಗಿ ಮಾತಾಡಲಿ, ಕಂದವನ್ನು ರಾಗದಲ್ಲಿ ಎತ್ತುವಾಗ ಶ್ರುತಿ ಜಾರಿದರೆ ಅಲ್ಲಿಗೆ ಅವನ ಕಥೆ ಮುಗಿಯಿತು. ರತ್ನಾವಳಿ ನಾಟಕ ಸಭೆಯನ್ನು ಕಟ್ಟಿದ ಎ.ವಿ. ವರದಾಚಾರ್ಯರು ‘ನಾಟಕ ಶಿರೋಮಣಿ’ ಎನಿಸಿಕೊಂಡಿದ್ದರಲ್ಲಿ ಅವರ ಅಭಿನಯದಷ್ಟೇ ಪಾಲು ಅವರ ಸಂಗೀತಕ್ಕಿತ್ತು. ‘ಒನ್ಸ್ ಮೋರ್’ ಎಂಬ ಇಂಗ್ಲಿಷ್ ಕೂಗು ಇಂಗ್ಲಿಷ್ ಬಾರದವರ ಬಾಯಲ್ಲೂ ನೆಲೆಯಾದದ್ದು ಈ ಕಾಲದಲ್ಲೇ. ಸತ್ತು ಬಿದ್ದ ಪಾತ್ರವೂ ಎದ್ದು ಕೂತು, ಹಾಡನ್ನು ಇನ್ನೊಮ್ಮೆ ಹಾಡಿ, ಮತ್ತೆ ಸಾಯಬೇಕಾಗುತ್ತಿತ್ತು ಎಂದು ಕಂಪನಿಯ ಹಳಬರು ನಗುತ್ತ ಹೇಳುತ್ತಿದ್ದರು. ನಾಟಕದ ಓಟಕ್ಕೆ ಇದು ಅಡ್ಡಿಯೆಂದು ಪಂಡಿತರು ಗೊಣಗಿದರು. ಟಿಕೆಟ್ ಕೊಂಡವನು ಗೊಣಗಲಿಲ್ಲ.

ಆದರೆ ಆ ಶಕುಂತಲೆ, ಆ ರತ್ನಾವಳಿ ಎಲ್ಲರೂ ಸೀರೆಯುಟ್ಟ ಹುಡುಗರು. ಮೀಸೆ ಮೂಡುವ ಮುನ್ನ, ದನಿ ಒಡೆಯುವ ಮುನ್ನ ಒಬ್ಬ ಬಾಲಕನಿಗೆ ಸಿಗುತ್ತಿದ್ದ ನಾಲ್ಕಾರು ವರ್ಷಗಳ ಮೇಲೆ ಇಡೀ ಸ್ತ್ರೀಪಾತ್ರದ ಭಾರ ನಿಂತಿತ್ತು. ಮರಾಠಿಯಲ್ಲಿ ಬಾಲಗಂಧರ್ವರು ಆ ಕಲೆಯನ್ನು ಯಾವ ಎತ್ತರಕ್ಕೆ ಒಯ್ದರೆಂದು ಗೊತ್ತೇ ಇದೆ. ನಮ್ಮಲ್ಲೂ ಒಳ್ಳೆಯ ಸ್ತ್ರೀಪಾತ್ರಧಾರಿಗಳಿದ್ದರು. ಆದರೂ ಹೆಣ್ಣಿನ ನಿಜವಾದ ದನಿಯನ್ನು ರಂಗದ ಮೇಲೆ ಕೇಳಲು ಮೈಸೂರು ಸೀಮೆ ಇನ್ನೂ ಕಾಯಬೇಕಿತ್ತು.

1926ರಿಂದ 1958: ಹೆಣ್ಣು ರಂಗಕ್ಕೆ ಬಂದಾಗ

1926 ಒಂದು ವಿಚಿತ್ರ ವರ್ಷ. ವರದಾಚಾರ್ಯರು ತೀರಿಕೊಂಡದ್ದು ಆ ವರ್ಷ. ಅದೇ ವರ್ಷ ಮೈಸೂರಿನಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಮುಂದೆ ಅದು ಆರ್. ನಾಗರತ್ನಮ್ಮ ಎಂದು ಹೆಸರಾಯಿತು. ಅವರ ಮಾತು ಸ್ವಲ್ಪ ಮುಂದೆ ಬರುತ್ತದೆ.

ಹೆಣ್ಣಿನ ಪಾತ್ರಕ್ಕೆ ಹೆಣ್ಣನ್ನೇ ತರುವ ಕೆಲಸವನ್ನು ಹಳೇ ಮೈಸೂರಿನಲ್ಲಿ ಗಟ್ಟಿಯಾಗಿ ಮಾಡಿದ್ದು ಗುಬ್ಬಿ ಕಂಪನಿ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ವೀರಣ್ಣನವರ ಕೈಗೆ ಬಂದ ಮೇಲೆ ಬೇರೆಯೇ ಆಯಿತು. ಸುಂದರಮ್ಮ ಬಂದರು, ಬಿ. ಜಯಮ್ಮ ಬಂದರು. ಉತ್ತರ ಕರ್ನಾಟಕದಲ್ಲಿ ಹೆಂಗಸರು ಅದಾಗಲೇ ರಂಗಕ್ಕೆ ಇಳಿದಿದ್ದರು. ಅಲ್ಲಿ ಎಲ್ಲವ್ವ ಗೋಕಾವಿಯಂಥವರು ತಾವೇ ತಂಡ ನಡೆಸಿದ್ದರು. ಇಲ್ಲಿನ ಸಂಪ್ರದಾಯಸ್ಥ ಊರುಗಳಲ್ಲಿ ಅದು ಸುಲಭವಾಗಿರಲಿಲ್ಲ. ಕಂಪನಿ ಮೊಕ್ಕಾಂ ಮಾಡಿದ ಊರಿನಲ್ಲಿ ನಟಿಗೆ ಬಾಡಿಗೆ ಮನೆ ಕೊಡಲು ಹಿಂಜರಿಯುತ್ತಿದ್ದವರೇ ರಾತ್ರಿ ಮುಂದಿನ ಸಾಲಿನಲ್ಲಿ ಕೂತು ಅವಳ ಹಾಡಿಗೆ ತಲೆದೂಗುತ್ತಿದ್ದರು. ಈ ದ್ವಂದ್ವವನ್ನು ನಾವು ಸಮಾರಂಭಗಳಲ್ಲಿ ಮರೆಮಾಚಿ ಮಾತಾಡುತ್ತೇವೆ. ಅಭಿಮಾನವೆಂಬುದು ರಂಗದ ಮೇಲಿನ ನಟಿಗೆ ಮಾತ್ರ ಸಲ್ಲುತ್ತಿದ್ದ ಕಾಲ ಅದು, ಪರದೆ ಬಿದ್ದ ಮೇಲಿನ ಹೆಂಗಸಿಗಲ್ಲ.

ಜಯಮ್ಮನವರು ಈ ಗೆರೆಯನ್ನು ಬಹುಮಟ್ಟಿಗೆ ಅಳಿಸಿದರು. ಹಾಡಿನಲ್ಲಿ ಮಾಧುರ್ಯ, ಮಾತಿನಲ್ಲಿ ಗಾಂಭೀರ್ಯ, ನಿಲುವಿನಲ್ಲಿ ಒಂದು ಮನೆತನದ ಹೆಣ್ಣಿನ ಘನತೆ. 1946ರ ‘ಹೇಮರೆಡ್ಡಿ ಮಲ್ಲಮ್ಮ’ ಚಿತ್ರದ ಹೊತ್ತಿಗೆ ಅವರನ್ನು ಕಂಪನಿಯ ನಟಿ ಎಂದು ಹಗುರವಾಗಿ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಅತ್ತ ಮಹಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿಯಲ್ಲಿ ಬೆಳೆದ ಎಂ.ವಿ. ರಾಜಮ್ಮ ‘ಸಂಸಾರ ನೌಕೆ’ಯ ಮೂಲಕ ಮನೆಮನೆಗೆ ತಲುಪಿದರು, ಮುಂದೆ 1943ರಲ್ಲಿ ‘ರಾಧಾ ರಮಣ’ ಚಿತ್ರವನ್ನು ತಾವೇ ನಿರ್ಮಿಸಿದರು. ಸುಬ್ಬಯ್ಯನಾಯ್ಡು ಮತ್ತು ಆರ್. ನಾಗೇಂದ್ರರಾಯರ ಜೋಡಿ, ಲಕ್ಷ್ಮೀಬಾಯಿ, ಮೈಸೂರಿನವರೇ ಆದ ಕೆ. ಹಿರಣ್ಣಯ್ಯನವರ ಮಿತ್ರ ಮಂಡಳಿ, ಎಲ್ಲರೂ ಈ ಊರಿನ ಕಿವಿಯ ಪರೀಕ್ಷೆಗೆ ಕೂತವರೇ. ಕಂಪನಿಗಳಲ್ಲಿ ‘ಬೆನಿಫಿಟ್ ನಾಟಕ’ ಎಂಬ ಪದ್ಧತಿಯಿತ್ತು. ಒಂದು ರಾತ್ರಿಯ ವಸೂಲಿ ಒಬ್ಬ ಕಲಾವಿದರಿಗೆ. ಆ ರಾತ್ರಿ ಅಭಿಮಾನಿಗಳು ಪದಕ ತರುತ್ತಿದ್ದರು, ಬೆಳ್ಳಿ ಲೋಟ ತರುತ್ತಿದ್ದರು, ಸೀರೆ ತರುತ್ತಿದ್ದರು. ಪಿಂಚಣಿಯಿಲ್ಲದ ಬದುಕಿಗೆ ಅದೇ ಪಿಂಚಣಿ. ಕಷ್ಟ ಬಂದಾಗ ಆ ಪದಕಗಳು ಅಡವಿನಂಗಡಿಗೆ ಹೋಗುತ್ತಿದ್ದವು ಎಂಬುದೂ ಈ ಚರಿತ್ರೆಯ ಭಾಗವೇ.

ಈ ಹಾಡುಗಾರಿಕೆಯ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲಾಗದು. ರಂಗಗೀತೆ ಎಂದು ಈಗ ನಾವು ಕರೆಯುವುದು ಶುದ್ಧ ಕರ್ನಾಟಕ ಸಂಗೀತವೂ ಅಲ್ಲ, ಹಿಂದೂಸ್ತಾನಿಯೂ ಅಲ್ಲ. ಮರಾಠಿ ನಾಟ್ಯಗೀತದಿಂದ ಬಂದ ಮಟ್ಟು, ಪಾರ್ಸಿ ಕಂಪನಿಯಿಂದ ಬಂದ ಚಾಲು, ನಮ್ಮ ಕಾಂಬೋಧಿ ಮೋಹನಗಳ ನೆರಳು, ಜೊತೆಗೆ ಕಾಲಿನಿಂದ ಗಾಳಿ ತುಂಬುವ ಪೆಟ್ಟಿಗೆ ಹಾರ್ಮೋನಿಯಂ. ಮೈಕು ಇಲ್ಲದ ಟೆಂಟಿನಲ್ಲಿ ಕೊನೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ಅಕ್ಷರ ಸ್ಪಷ್ಟವಾಗಿ ಕೇಳಬೇಕು. ಅದಕ್ಕಾಗಿ ಶ್ರುತಿ ಏರಿತು, ಉಚ್ಚಾರ ಬಿಚ್ಚಿಕೊಂಡಿತು, ಸಂಗತಿಗಳು ಕಡಿಮೆಯಾಗಿ ಭಾವ ಮುಂದಾಯಿತು. ಕಛೇರಿಯ ವಿದ್ವಾಂಸರು ಇದನ್ನು ‘ಡ್ರಾಮಾ ಸಂಗೀತ’ ಎಂದು ಮೂಗು ಮುರಿದರು. ಅವರಲ್ಲಿ ಎಷ್ಟೋ ಜನರಿಗೆ ಆ ಹಾಡುಗಳು ಬಾಯಿಪಾಠವಿದ್ದವು.

1958: ಕಂಸನಾದ ಹೆಂಗಸು

ನಾಗರತ್ನಮ್ಮನವರು ಚಿಕ್ಕಂದಿನಲ್ಲೇ ಬಣ್ಣ ಹಚ್ಚಿ, ಒಂದರ ನಂತರ ಒಂದು ಕಂಪನಿಯಲ್ಲಿ ದುಡಿದು, 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿದರು. ಹೆಸರೇ ಹೇಳುವಂತೆ ಅಲ್ಲಿ ಎಲ್ಲ ಪಾತ್ರಗಳೂ ಹೆಂಗಸರದೇ. ಕಂಸ, ರಾವಣ, ಭೀಮನಂಥ ಗಂಡುಪಾತ್ರಗಳನ್ನು ಸ್ವತಃ ನಾಗರತ್ನಮ್ಮ ವಹಿಸಿದರು. ಬಸವಪ್ಪ ಶಾಸ್ತ್ರಿಗಳ ಕಾಲದಲ್ಲಿ ಹುಡುಗರು ಶಕುಂತಲೆಯಾದ ಊರಿನ ಹೆಣ್ಣುಮಗಳು ಗದೆ ಹಿಡಿದು ಭೀಮನಾದಳು. ಇದನ್ನು ಚಮತ್ಕಾರವೆಂದು ನೋಡಲು ಬಂದವರು ಅವರ ಮಾತಿನ ಠೇಂಕಾರ ಕೇಳಿ, ಹಾಡು ಕೇಳಿ, ವೇಷದೊಳಗಿರುವುದು ಹೆಂಗಸೆಂಬುದನ್ನೇ ಮರೆತು ಕೂರುತ್ತಿದ್ದರು.

ಮಂಡಳಿ ನೆಲೆ ನಿಂತದ್ದು ಬೆಂಗಳೂರಿನಲ್ಲಿ. ಹಾಗಿದ್ದರೂ ಮೈಸೂರಿನ ರಂಗಸಂಸ್ಥೆಯ ಸಂಚಿಕೆಯಲ್ಲಿ ಅದಕ್ಕೆ ಜಾಗ ಕೊಡುವುದಕ್ಕೆ ಕಾರಣವಿದೆ. ಗಂಡಸಿನ ಕಂಪನಿಯ ಹಂಗಿಲ್ಲದೆ ನಟಿಯರು ತಾವೇ ದುಡಿದು ತಾವೇ ಹಂಚಿಕೊಳ್ಳುವ ವ್ಯವಸ್ಥೆಯೊಂದನ್ನು ಅದು ಮಾಡಿ ತೋರಿಸಿತು. ರಂಗಾಯಣ ಮೂವತ್ತು ವರ್ಷದ ನಂತರ ಸರ್ಕಾರದ ಸಂಬಳದ ಮೂಲಕ ಪರಿಹರಿಸಲು ಹೊರಟ ಸಮಸ್ಯೆ ಇದೇ ಆಗಿತ್ತು. ನಾಗರತ್ನಮ್ಮನವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅವರು ತೀರಿಕೊಂಡರು. ಎಂಬತ್ತಾರರ ವಯಸ್ಸಿನಲ್ಲಿ ಬಂದ ಪ್ರಶಸ್ತಿಯನ್ನು ತಡವೆನ್ನದೆ ಇನ್ನೇನೆನ್ನಲಿ.

ಅತ್ತ ಆಧುನಿಕ ರಂಗಭೂಮಿ ತಲೆಯೆತ್ತುತ್ತಿದ್ದಂತೆ ಕಂಪನಿ ನಾಟಕ ಹಳಸಲಾಯಿತೆಂಬ ಭಾವನೆ ಹರಡಿತು. ಮೈಸೂರಿನಲ್ಲೂ ಕಾಲೇಜು ರಂಗ, ಸಮತೆಂತೋದಂಥ ಹವ್ಯಾಸಿ ತಂಡಗಳು ಹೊಸ ನಾಟಕ ಮಾಡಿದವು, ಒಳ್ಳೆಯ ಕೆಲಸ ಮಾಡಿದವು. ಹಾಡು ಮಾತ್ರ ಹಿಂದೆ ಸರಿಯಿತು. ಅದು ಉಳಿದದ್ದು ಹಳ್ಳಿಗಳಲ್ಲಿ, ಮತ್ತು ಹಳ್ಳಿಯವರೇ ಬಾಡಿಗೆ ಹಿಡಿದು ಆಡುವ ಪುರಭವನದಲ್ಲಿ. ದಿವಾನ್ ರಂಗಾಚಾರ್ಲು ಅವರ ನೆನಪಿಗೆ 1884ರಲ್ಲಿ ಕಟ್ಟಿದ ಆ ಪುರಭವನದಲ್ಲಿ ಕುರುಕ್ಷೇತ್ರ ಆಡದ ತಾಲ್ಲೂಕು ಸುತ್ತಮುತ್ತ ಇಲ್ಲ. ರೈತರು, ಮೇಷ್ಟ್ರುಗಳು, ಕಂಡಕ್ಟರುಗಳು ಕೃಷ್ಣ, ಕರ್ಣ, ದುರ್ಯೋಧನ. ದ್ರೌಪದಿ ಮತ್ತು ರುಕ್ಮಿಣಿ ಮಾತ್ರ ಸಂಭಾವನೆ ಪಡೆದು ಬರುವ ವೃತ್ತಿನಟಿಯರು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿದ ಕೃಷ್ಣ ರಾತ್ರಿ ಎರಡು ಗಂಟೆಗೆ ತಾಳ ತಪ್ಪಿದಾಗ, ಒಮ್ಮೆಯೂ ರಿಹರ್ಸಲ್ಲಿಗೆ ಬಾರದ ದ್ರೌಪದಿ ಅವನನ್ನು ಕೈಹಿಡಿದು ದಡ ಸೇರಿಸುತ್ತಾಳೆ. ವಿಮರ್ಶಕರು ಬರೆಯದ, ಪತ್ರಿಕೆಗಳು ಹೆಸರಿಸದ ಈ ನಟಿಯರೇ ರಂಗಸಂಗೀತವನ್ನು ಮೂರು ದಶಕ ಹೊತ್ತು ನಡೆದವರು.

1989ರಿಂದ 1995: ಕಾರಂತರು

ರಾಜ್ಯ ಸರ್ಕಾರ 1989ರಲ್ಲಿ ಮೈಸೂರಿನ ಕಲಾಮಂದಿರದ ಆವರಣದಲ್ಲಿ ರಂಗಾಯಣವನ್ನು ಸ್ಥಾಪಿಸಿ ಬಿ.ವಿ. ಕಾರಂತರನ್ನು ಅದರ ಮೊದಲ ನಿರ್ದೇಶಕರನ್ನಾಗಿ ಕರೆತಂದಿತು. ಬಂಟ್ವಾಳದ ಕಡೆಯ ಬಾಬುಕೋಡಿಯಿಂದ ಮನೆಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದ ಹುಡುಗ ಕಾರಂತ. ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದರು. ಅಲ್ಲಿ ಓಂಕಾರನಾಥ ಠಾಕೂರರ ಬಳಿ ಸಂಗೀತವೂ ಆಯಿತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕತ್ವ, ಭೋಪಾಲದ ಭಾರತ ಭವನದ ರಂಗಮಂಡಲ ಎಲ್ಲ ಮುಗಿಸಿ ಅವರು ಮೈಸೂರಿಗೆ ಬಂದಾಗ, ಗುಬ್ಬಿ ಕಂಪನಿಯೇ ಸುತ್ತುದಾರಿಯಲ್ಲಿ ಮೈಸೂರಿಗೆ ಮರಳಿ ಮೊಕ್ಕಾಂ ಮಾಡಿದಂತಾಯಿತು.

ನಾಡಿನ ಮೂಲೆಮೂಲೆಯಿಂದ ಆಯ್ದ ಇಪ್ಪತ್ತಕ್ಕೂ ಹೆಚ್ಚು ಯುವಕ ಯುವತಿಯರು ಬಂದರು. ಕರಾವಳಿಯ ನಾಲಿಗೆ, ಬಳ್ಳಾರಿಯ ನಾಲಿಗೆ, ಮಂಡ್ಯದ ನಾಲಿಗೆ ಒಂದೇ ಅಂಗಳದಲ್ಲಿ. ಕಾರಂತರ ಪಾಠದಲ್ಲಿ ಸಂಗೀತಕ್ಕೆ ಪ್ರತ್ಯೇಕ ಪೀರಿಯಡ್ ಇರಲಿಲ್ಲ. ಕಲ್ಲು ಕುಟ್ಟಿದ ಸದ್ದು, ಪೊರಕೆ ಎಳೆದ ಸದ್ದು, ಉಸಿರು, ಗದ್ದಲ, ಎಲ್ಲವೂ ಅವರಿಗೆ ರಂಗಸಂಗೀತವೇ. ಕಂಪನಿಯ ಮಟ್ಟುಗಳನ್ನು ಅವರು ನಾಚಿಕೆಯಿಲ್ಲದೆ ಬಳಸಿದರು. ‘ಸತ್ತವರ ನೆರಳು’ ನಾಟಕದಲ್ಲಿ ದಾಸರ ಪದಗಳನ್ನು ಹೊಸ ಅರ್ಥಕ್ಕೆ ತಿರುಗಿಸಿದ್ದ ಕೈ ಅದು. ಹೊಸ ರಂಗಭೂಮಿ ಮರೆಯಲು ಯತ್ನಿಸಿದ್ದ ಹಾಡನ್ನು ಹೊಸ ರಂಗಭೂಮಿಯ ನಾಯಕರೇ ಮತ್ತೆ ಒಳಗೆ ಕರೆದರು.

ಮೊದಲ ತಂಡದ ಹುಡುಗಿಯರ ಮಾತನ್ನು ಇಲ್ಲಿ ಎತ್ತಬೇಕು. ನಾಟಕ ಮಾಡುವ ಹುಡುಗಿಗೆ ತಿಂಗಳ ಕೊನೆಗೆ ಸಂಬಳ, ಮುಂದೆ ನಿವೃತ್ತಿಯ ವಯಸ್ಸು, ಊರಲ್ಲಿ ‘ಸರ್ಕಾರಿ ಕೆಲಸ’ ಎಂಬ ಗೌರವ. ಜಯಮ್ಮನವರ ತಲೆಮಾರಿಗೆ ಕನಸಿನಲ್ಲೂ ಇಲ್ಲದ ಭದ್ರತೆ ಇದು. ಸಂಬಳ ಬಂದರೆ ಕಲೆ ಸೋಮಾರಿಯಾಗುತ್ತದೆ ಎಂಬ ಟೀಕೆ ಅಂದಿನಿಂದ ಇಂದಿನವರೆಗೂ ಇದೆ. ಕೆಲವು ವರ್ಷ, ಕೆಲವು ನಾಟಕಗಳ ಮಟ್ಟಿಗೆ ಅದರಲ್ಲಿ ಹುರುಳೂ ಇರಬಹುದು. ಆದರೆ ಆ ಟೀಕೆ ಮಾಡುವವರು ಅಡವಿಟ್ಟ ಬೆಳ್ಳಿ ಪದಕಗಳನ್ನೊಮ್ಮೆ ನೆನೆಯಬೇಕು. ರಂಗಾಯಣ ನಾಡಿಗೆ ಕೊಟ್ಟ ಅತಿದೊಡ್ಡ ಕೊಡುಗೆ ಯಾವ ನಾಟಕವೂ ಅಲ್ಲ, ಈ ಸಂಬಳದ ಪಟ್ಟಿ ಎಂದು ನಾನು ನಂಬುತ್ತೇನೆ.

1996ರಿಂದ 2008: ಕಟ್ಟಡ, ಹಬ್ಬ, ಮಕ್ಕಳು

ಈ ಘಟ್ಟವನ್ನು ಬೇಗ ದಾಟುತ್ತೇನೆ, ಬೇರೆ ಲೇಖನಗಳಲ್ಲಿ ವಿವರ ಸಾಕಷ್ಟಿದೆ. ಸಿ. ಬಸವಲಿಂಗಯ್ಯನವರ ನೇತೃತ್ವದಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ರಂಗಕ್ಕೇರಿತು. ನಂಜನಗೂಡು ಸೀಮೆಯ ಆಡುಮಾತು ರಂಗದ ಮೇಲೆ ಕಾವ್ಯವಾಗಿ ನಿಂತಿತು. ಬಳಿಕ ಪ್ರಸನ್ನ, ಆಮೇಲೆ ನೀನಾಸಮ್ಮಿನ ಚಿದಂಬರರಾವ್ ಜಂಬೆ. ಬಹುರೂಪಿ ನಾಟಕೋತ್ಸವ ಊರಿನ ವಾರ್ಷಿಕ ಜಾತ್ರೆಯಾಯಿತು. ಬೇಸಿಗೆಯ ಚಿಣ್ಣರ ಮೇಳಕ್ಕೆ ಅರ್ಜಿ ಸಿಗದೆ ತಂದೆತಾಯಂದಿರು ಪರದಾಡುವಷ್ಟು ಅದು ಜನಪ್ರಿಯವಾಯಿತು. ಮೈಸೂರಿನಲ್ಲಿ ಇಂದು ನಾಟಕ ನೋಡುವ ಮೂವತ್ತರ ಆಸುಪಾಸಿನವರಲ್ಲಿ ಅನೇಕರು ಒಂದಲ್ಲ ಒಂದು ಬೇಸಿಗೆಯಲ್ಲಿ ಈ ಆವರಣದಲ್ಲಿ ಕಾಗೆಯೋ ಮರವೋ ಆಗಿ ಹಾಡಿದವರು. ಮೊದಲ ತಂಡದಲ್ಲಿದ್ದು ಹೊರಬಂದ ಮಂಡ್ಯ ರಮೇಶ್ ‘ನಟನ’ ಕಟ್ಟಿದ್ದು, ಅಲ್ಲಿಂದ ಮತ್ತೊಂದು ತಲೆಮಾರು ಹೊರಟದ್ದು ಈ ಬೇರಿನದೇ ಕವಲು.

ಕಟ್ಟಡಗಳ ವಿಷಯಕ್ಕೆ ಬಂದರೆ, ಭೂಮಿಗೀತ ಮತ್ತು ವನರಂಗ ಎರಡನ್ನು ಹೇಳಲೇಬೇಕು. ಭೂಮಿಗೀತ ಚಿಕ್ಕದು. ನಟಿಯ ಉಸಿರು ಮುಂದಿನ ಸಾಲಿಗೆ ಕೇಳುತ್ತದೆ. ಹಾಡಲು ಮೈಕು ಬೇಡ, ಆದ್ದರಿಂದಲೇ ಸುಳ್ಳು ಸ್ವರಕ್ಕೆ ಅಡಗಲು ಜಾಗವೂ ಇಲ್ಲ. ವನರಂಗ ಮರಗಳ ನಡುವಿನ ಬಯಲು. ಅಲ್ಲಿ ಹುಣಸೂರು ರಸ್ತೆಯ ಬಸ್ಸುಗಳ ಹಾರ್ನಿನ ಮೇಲೆ ದನಿಯೇರಿಸಬೇಕು. ಒಂದು ಜಾಗ ಕಿವಿಯನ್ನು ಪಳಗಿಸಿತು, ಇನ್ನೊಂದು ಗಂಟಲನ್ನು. ಭಾನುವಾರ ಸಂಜೆಯ ನಾಟಕ ಎಂಬ ರೂಢಿ ಬೇರುಬಿಟ್ಟದ್ದು ಇಲ್ಲಿಯೇ. ತರಕಾರಿ ಚೀಲದ ಸಮೇತ ನಾಟಕಕ್ಕೆ ಬಂದು ಕೂರುವ ಪ್ರೇಕ್ಷಕರು ಎಲ್ಲ ಊರಿಗೂ ಸಿಗುವವರಲ್ಲ.

2009: ಬಿ. ಜಯಶ್ರೀ

ಇಪ್ಪತ್ತು ವರ್ಷ ತುಂಬಿದ ಸಂಸ್ಥೆಗೆ 2009ರಲ್ಲಿ ಮೊದಲ ಮಹಿಳಾ ನಿರ್ದೇಶಕಿಯಾಗಿ ಬಿ. ಜಯಶ್ರೀ ಬಂದರು. ಗುಬ್ಬಿ ವೀರಣ್ಣನವರ ಮೊಮ್ಮಗಳು, ಜಿ.ವಿ. ಮಾಲತಮ್ಮನವರ ಮಗಳು. 1950ರಲ್ಲಿ ಹುಟ್ಟಿ, ಕಂಪನಿಯ ಪರದೆ ಪೆಟ್ಟಿಗೆಗಳ ನಡುವೆ ಬೆಳೆದವರು. 1973ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಿ ಮುಗಿಸಿದರು. 1976ರಲ್ಲಿ ಬೆಂಗಳೂರಿನಲ್ಲಿ ‘ಸ್ಪಂದನ’ ಕಟ್ಟಿದರು. ಕಂಬಾರರ ‘ಕರಿಮಾಯಿ’, ‘ಲಕ್ಷಾಪತಿ ರಾಜನ ಕಥೆ’ ಅವರ ಕೈಯಲ್ಲಿ ನಾಡು ಸುತ್ತಿದವು. ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯಲ್ಲಿ ಕಳ್ಳನ ಪಾತ್ರದಿಂದ ಅಜ್ಜ ಮನೆಮಾತಾಗಿದ್ದರು. ಮೊಮ್ಮಗಳು ಆ ನಾಟಕವನ್ನೇ ಹೊಸ ಪ್ರೇಕ್ಷಕರಿಗೆ ಮತ್ತೆ ಕಟ್ಟಿಕೊಟ್ಟರು.

ಜಯಶ್ರೀಯವರ ಮೇಲೆ ಮೈಸೂರಿನ ಜನಕ್ಕಿರುವ ಅಭಿಮಾನದ ಗುಟ್ಟು ಅವರ ಕಂಠದಲ್ಲಿದೆ. ಅದನ್ನು ಮಧುರವೆಂದು ಕರೆದರೆ ಸುಳ್ಳಾಗುತ್ತದೆ. ಜಯಮ್ಮನವರ ಕಾಲದ ನಯವಾದ ಏರು ಶ್ರುತಿ ಅದಲ್ಲ. ಅಗಲವಾದ, ತಳದಿಂದೆದ್ದು ಬರುವ, ಮಣ್ಣು ಮೆತ್ತಿದ ಕಂಠ. ಅದರಲ್ಲಿ ಕಂಪನಿಯ ಠೀವಿಯೂ ಜನಪದದ ಒರಟುತನವೂ ಒಟ್ಟಿಗೆ ಇವೆ. ಹಾಡು ಹಾಡುತ್ತಲೇ ಮಾತಿಗೆ ಇಳಿದು, ಮಾತಿನಿಂದ ನಗೆಗೆ ಜಿಗಿದು, ಮತ್ತೆ ಅದೇ ಸ್ವರಕ್ಕೆ ತಪ್ಪದೆ ಬಂದು ನಿಲ್ಲುವ ಕಸುಬು ಶಾಲೆಯಲ್ಲಿ ಕಲಿಸಿ ಬರುವಂಥದ್ದಲ್ಲ. ಅವರ ಮುಖವನ್ನೇ ನೋಡದ ಲಕ್ಷಾಂತರ ಕನ್ನಡಿಗರಿಗೂ ಆ ಕಂಠ ಗೊತ್ತು, ಏಕೆಂದರೆ ಎಷ್ಟೋ ನಾಯಕಿಯರಿಗೆ ತೆರೆಯ ಹಿಂದೆ ನಿಂತು ಮಾತು ಕೊಟ್ಟವರು ಅವರು. ‘ನಾಗಮಂಡಲ’ ಚಿತ್ರದ ಕುರುಡವ್ವನಾಗಿ ಅವರನ್ನು ಕಂಡವರುಂಟು. 2001ರ ‘ನನ್ನ ಪ್ರೀತಿಯ ಹುಡುಗಿ’ ಚಿತ್ರದಲ್ಲಿ ಅಮೆರಿಕದ ಕಾರುಗಳನ್ನು ಕುರಿತು ಹಾಡಿದ ಹಾಡಿನಿಂದ ಅವರನ್ನು ಗುರುತು ಹಿಡಿದ ಹುಡುಗರುಂಟು. ಮೂರು ತಲೆಮಾರು ಮೂರು ದಾರಿಯಲ್ಲಿ ಬಂದು ಒಬ್ಬ ನಟಿಯ ಸುತ್ತ ಸೇರಿದ್ದು ಹೀಗೆ.

ಅವರ ರಂಗಗೀತೆಗಳ ಕಾರ್ಯಕ್ರಮದಲ್ಲಿ ಸಭೆಯನ್ನು ನೋಡಬೇಕು. ಅಜ್ಜಂದಿರು ಪಲ್ಲವಿ ಎತ್ತುವ ಮೊದಲೇ ತುಟಿಯಾಡಿಸುತ್ತಾರೆ. ಇಪ್ಪತ್ತರ ಹುಡುಗಿಯರು ಮೊಬೈಲು ಹಿಡಿದು ರೆಕಾರ್ಡು ಮಾಡುತ್ತಾರೆ. ಒನ್ಸ್ ಮೋರ್ ಕೂಗು ಈಗಲೂ ಏಳುತ್ತದೆ, ಪಂಡಿತರೂ ಅದರಲ್ಲಿ ದನಿಗೂಡಿಸುತ್ತಾರೆ. ನೆರೆಯ ಮಹಾರಾಷ್ಟ್ರದಲ್ಲಿ ಜಯಮಾಲಾ ಶಿಲೇದಾರ್ ಮತ್ತು ಅವರ ಮಗಳು ಕೀರ್ತಿ ಶಿಲೇದಾರ್ ಸಂಗೀತ ನಾಟ್ಯವನ್ನು ಉಳಿಸಿದ ಬಗೆಯೂ ಹೀಗೆಯೇ. ಅಲ್ಲಿ ಒಂದು ಕುಟುಂಬದ ಮಂಡಳಿ ಆ ಹೊಣೆ ಹೊತ್ತಿತು, ಅಭಿಮಾನಿಗಳು ಟಿಕೆಟ್ ಕೊಂಡು ಅದನ್ನು ನಿಲ್ಲಿಸಿದರು. ನಮ್ಮಲ್ಲಿ ಹೊಣೆ ಒಂದು ಮನೆತನದ ಮತ್ತು ಒಂದು ಸರ್ಕಾರಿ ಸಂಸ್ಥೆಯ ನಡುವೆ ಹಂಚಿಹೋಯಿತು.

ಆ ಹಂಚಿಕೆ ಸಲೀಸಾಗಿ ನಡೆಯಲಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಬೇಕು. ಕಂಪನಿಯಲ್ಲಿ ಯಜಮಾನನ ಮಾತೇ ಕಾನೂನು. ರೆಪರ್ಟರಿಯಲ್ಲಿ ಸೇವಾನಿಯಮಗಳುಂಟು, ಇಪ್ಪತ್ತು ವರ್ಷದ ಅನುಭವವುಳ್ಳ ಕಲಾವಿದರುಂಟು, ಅವರಿಗೆ ಅವರದೇ ಅಭಿಪ್ರಾಯಗಳುಂಟು. ಬೇರೆ ಬೇರೆ ಶಾಲೆಯಿಂದ ಬಂದ ಹಿರಿಯರ ನಡುವೆ ಕೆಲಸದ ರೀತಿಯ ಬಗ್ಗೆ ಭಿನ್ನಾಭಿಪ್ರಾಯ ಬರುವುದು ಸಹಜ, ಮತ್ತು ಅದು ಜಯಶ್ರೀಯವರ ಅವಧಿಗೆ ಮಾತ್ರ ಸೀಮಿತವಾದದ್ದೂ ಅಲ್ಲ. ಅವರ ಅವಧಿ ದೀರ್ಘವಾಗಲಿಲ್ಲ. 2010ರಲ್ಲಿ ರಾಷ್ಟ್ರಪತಿಗಳು ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದರು. 1996ರಲ್ಲೇ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಪಡೆದಿದ್ದ ಅವರಿಗೆ 2013ರಲ್ಲಿ ಪದ್ಮಶ್ರೀ ಬಂತು. ಅಧಿಕಾರದ ಕುರ್ಚಿಯಲ್ಲಿ ಅವರು ಕೂತ ತಿಂಗಳುಗಳಿಗಿಂತ ರಂಗದ ಮೇಲೆ ಹಾಡಿದ ಸಂಜೆಗಳು ಮೈಸೂರಿಗೆ ಹೆಚ್ಚು ನೆನಪಿವೆ. ಸಂಸ್ಥೆಗಳು ತಮ್ಮ ಕಲಾವಿದರನ್ನು ಆಡಳಿತಗಾರರನ್ನಾಗಿ ಮಾಡುವ ಆತುರದ ಬಗ್ಗೆ ಇದು ಏನನ್ನಾದರೂ ಹೇಳುತ್ತದೆಯೇ ಎಂಬುದನ್ನು ಓದುಗರೇ ತೀರ್ಮಾನಿಸಲಿ.

2010ರಿಂದ ಈಚೆಗೆ

2010ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ರಂಗಾಯಣದ ಆವರಣದಲ್ಲಿ ರಾತ್ರಿಯಿಡೀ ನಡೆಯಿತು. ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪ, ಬಸವಲಿಂಗಯ್ಯನವರ ನಿರ್ದೇಶನ, ಹಂಸಲೇಖರ ಸಂಗೀತ. ಒಂಬತ್ತು ಗಂಟೆಯ ನಾಟಕ, ಒಂದಲ್ಲ ನಾಲ್ಕು ರಂಗಸ್ಥಳಗಳು, ಪ್ರೇಕ್ಷಕರು ಚಾಪೆ ಕಂಬಳಿ ಹೊತ್ತು ಒಂದರಿಂದ ಇನ್ನೊಂದಕ್ಕೆ ನಡೆದರು. ಹೊಸ ರಂಗಭೂಮಿ ರಾತ್ರಿಯಿಡೀ ಆಟದ ಅಭ್ಯಾಸವನ್ನು ಮತ್ತೆ ಕಂಡುಕೊಂಡದ್ದು, ಅದೂ ಹಾಡಿನ ಬಲದಿಂದ, ಸಣ್ಣ ಸಂಗತಿಯಲ್ಲ. ಮುಂಜಾನೆ ಐದರ ಚಳಿಯಲ್ಲಿ ಜನ ಎದ್ದುಹೋಗದಂತೆ ಹಿಡಿದಿಟ್ಟದ್ದು ಕಥೆಯಷ್ಟೇ ಆ ಹಾಡುಗಳು.

ಲಿಂಗದೇವರು ಹಳೆಮನೆಯವರು ನಿರ್ದೇಶಕರಾಗಿದ್ದಾಗಲೇ 2011ರಲ್ಲಿ ಅಕಾಲದಲ್ಲಿ ತೀರಿಕೊಂಡರು. ಬಿ.ವಿ. ರಾಜಾರಾಂ, ನಂತರ ಜನ್ನಿ ಎಂದೇ ಹೆಸರಾದ ಎಚ್. ಜನಾರ್ದನ್ ಬಂದರು. ಜನ್ನಿ ಸ್ವತಃ ಗಾಯಕರು, ಚಳವಳಿಯ ಹಾಡು ಮತ್ತು ರಂಗದ ಹಾಡು ಎರಡನ್ನೂ ಒಂದೇ ಕಂಠದಲ್ಲಿ ಹೊತ್ತವರು. 2017ರಲ್ಲಿ ಭಾಗೀರಥಿಬಾಯಿ ಕದಂ ಎರಡನೆಯ ಮಹಿಳಾ ನಿರ್ದೇಶಕಿಯಾದರು. ಅಡ್ಡಂಡ ಕಾರ್ಯಪ್ಪನವರ ಅವಧಿಯಲ್ಲಿ ಎಸ್.ಎಲ್. ಭೈರಪ್ಪನವರ ‘ಪರ್ವ’ ಪ್ರಕಾಶ್ ಬೆಳವಾಡಿಯವರ ನಿರ್ದೇಶನದಲ್ಲಿ 2021ರಲ್ಲಿ ದಿನವಿಡೀ ನಾಟಕವಾಗಿ ರಂಗಕ್ಕೆ ಬಂತು. ಅದೇ ಅವಧಿಯಲ್ಲಿ ಸಂಸ್ಥೆಯ ಸುತ್ತಣ ಚರ್ಚೆಗಳು ರಂಗಮಂದಿರದ ಹೊರಗೂ ನಡೆದವು, ಊರು ಎರಡೂ ಕಡೆಯ ಮಾತನ್ನು ಕೇಳಿತು. ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲಿ ರಂಗಾಯಣಗಳು ತಲೆಯೆತ್ತಿವೆ. ರಂಗಶಿಕ್ಷಣ ಕೇಂದ್ರ ಪ್ರತಿವರ್ಷ ಹೊಸಬರನ್ನು ತಯಾರು ಮಾಡುತ್ತಿದೆ.

ಈ ನಡುವೆ ಕಾರಂತರು ಆಯ್ದ ಮೊದಲ ತಂಡದ ಕಲಾವಿದೆಯರು ಒಬ್ಬೊಬ್ಬರಾಗಿ ನಿವೃತ್ತಿಯ ಅಂಚಿಗೆ ಬಂದಿದ್ದಾರೆ, ಕೆಲವರು ದಾಟಿದ್ದಾರೆ. ಇಪ್ಪತ್ತರ ಹರೆಯದಲ್ಲಿ ಬಂದವರು, ಸಾವಿರ ಸಂಜೆ ಹಾಡಿದವರು. ಅವರ ಖಾಲಿ ಜಾಗಗಳನ್ನು ತುಂಬುವ ಕೆಲಸ ನಿಧಾನವಾಗಿದೆ. ಹಳಬರು ಇರುವಾಗಲೇ ಹೊಸಬರು ಅವರ ಪಕ್ಕ ನಿಂತು ಹಾಡಿದರೆ ಮಾತ್ರ ರಂಗಗೀತೆ ಕೈದಾಟುತ್ತದೆ. ಸ್ವರಲಿಪಿಯಲ್ಲಿ ಬರೆದಿಟ್ಟರೆ ಮಟ್ಟು ಉಳಿಯುತ್ತದೆ, ಆದರೆ ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಮಾತಿಗೆ ಜಾರಬೇಕು ಎಂಬುದು ಉಳಿಯುವುದಿಲ್ಲ.

ಓದುಗರಲ್ಲಿ ಒಂದು ವಿನಂತಿ. ಕಂಪನಿಗಳ ಕಾಲದಲ್ಲಿ ನಾಟಕದ ಬಾಗಿಲಲ್ಲೇ ಪದಗಳ ಪುಸ್ತಕ ಮಾರುತ್ತಿದ್ದರು, ತೆಳುವಾದ, ಕೆಲವೇ ಕಾಸಿನ ಪುಸ್ತಕ. ಊರಿನಲ್ಲಿ ಹಂಚಿದ ಬಣ್ಣದ ಕರಪತ್ರಗಳು, ಬೆನಿಫಿಟ್ ರಾತ್ರಿಯ ಆಮಂತ್ರಣಗಳು, ನಟಿಯರ ಫೋಟೋಗಳು, ಗ್ರಾಮಾಫೋನ್ ಪ್ಲೇಟುಗಳು ಅಗ್ರಹಾರ, ಲಷ್ಕರ್ ಮೊಹಲ್ಲಾ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲಿನ ಹಳೆಯ ಮನೆಗಳ ಅಟ್ಟದಲ್ಲಿ ಇನ್ನೂ ಇವೆ. ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಅವು ಹಳೇ ಪೇಪರಿನವನ ಗಾಡಿ ಸೇರುತ್ತಿವೆ. ದಯವಿಟ್ಟು ಹಾಗಾಗಲು ಬಿಡಬೇಡಿ. ಅವನ್ನು ರಂಗಾಯಣಕ್ಕೆ ತಂದುಕೊಡಿ, ಮೂಲ ಕೊಡಲು ಮನಸ್ಸಿಲ್ಲದಿದ್ದರೆ ಪ್ರತಿ ತೆಗೆಸಿಕೊಳ್ಳಲು ಕೊಡಿ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿಗೆ ಸದಾರಮೆಯ ಹಾಡು ಬರುತ್ತಿದ್ದರೆ, ಇಂದೇ ಮೊಬೈಲಿನಲ್ಲಿ ರೆಕಾರ್ಡು ಮಾಡಿಟ್ಟುಕೊಳ್ಳಿ.